ಫೋಟೋ ತೆಗೆದವರು ಯಾರು

ಕರುಣಾಕರಣ್ಣನ ಮೋಟೆಲ್‌ಗೆ ಬಂದು ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ. ನ್ಯೂಯಾರ್ಕ್‌ಗೆ ಹತ್ತಿರದ ಸೀಕಾಕಸ್‌ನ ಗೋದಾಮುಗಳ ಸಾಲಿನ ಹಿಂದೆ, ಹೈವೇಗೆ ಬೆನ್ನು ಕೊಟ್ಟು ನಿಂತ ಎರಡಂತಸ್ತಿನ ಕಟ್ಟಡ ಅದು. ಫ್ರಂಟ್ ಡೆಸ್ಕ್‌ನಲ್ಲಿ ಹಗಲೆಲ್ಲ ಅವರದೇ ಠಿಕಾಣಿ. ಒಬ್ಬನೇ ಎಂದು ರೂಮು ಹಿಡಿದವನು ನಾಲ್ಕು ಟವೆಲ್ ಕೇಳಿದರೆ ಸಾಕು, ಇವರ ಕಿವಿ ನಿಮಿರುತ್ತಿತ್ತು. ಲೈಸೆನ್ಸಿನ ಫೋಟೋ ನೋಡುವರು, ಮುಖ ನೋಡುವರು, ಆಮೇಲೆ ಹೊರಗೆ ನಿಂತ ಕಾರಿನಲ್ಲಿ ಯಾರಾದರೂ ತಲೆ ತಗ್ಗಿಸಿ ಕೂತಿದ್ದಾರೋ ಎಂದು ಕಿಟಕಿಯಿಂದ ಇಣುಕುವರು. ಹೆಚ್ಚಿನ ಸಲ ಯಾರೋ ಕೂತೂ ಇರುತ್ತಿದ್ದರು. ಅದೇ ದೊಡ್ಡ ತೊಂದರೆ. ಅನುಮಾನಗಳೆಲ್ಲ ನಿಜವಾಗುತ್ತ ಬಂದ ಮನುಷ್ಯನನ್ನು ತಿದ್ದುವುದು ಯಾರ ಕೈಲೂ ಆಗುವ ಕೆಲಸವಲ್ಲ.

ಅವರು ಬ್ರಹ್ಮಾವರದ ಕಡೆಯವರು. ಮುಂಬೈಯ ಹೋಟೆಲ್, ಅಲ್ಲಿಂದ ಹಡಗಿನ ಅಡುಗೆಮನೆ, ಹಡಗಿನಿಂದ ನ್ಯೂಯಾರ್ಕ್ ಎಂದು ಹೆಜ್ಜೆ ಹೆಜ್ಜೆಯಾಗಿ ಬಂದವರು. ಕ್ವೀನ್ಸ್‌ನಲ್ಲಿ ಹಾಕಿದ್ದ ರೆಸ್ಟೋರೆಂಟ್‌ನ ಪಾಲುದಾರ ಕೈಕೊಟ್ಟ ಮೇಲೆ ಜನರನ್ನು ನಂಬುವ ಅಭ್ಯಾಸವನ್ನೇ ಬಿಟ್ಟರು. ಹೆಂಡತಿ ಸುಜಾತಕ್ಕ ಮೋಟೆಲ್‌ನ ಲಾಂಡ್ರಿ ರೂಮು ನೋಡಿಕೊಳ್ಳುತ್ತಿದ್ದರು. ಒಬ್ಬಳೇ ಮಗಳು ಅನುಷ್ಕಾ ಹುಟ್ಟಿದ್ದು ಇಲ್ಲೇ, ಹೋಮ್‌ವರ್ಕ್ ಮಾಡಿ ಬೆಳೆದದ್ದು ಆ ಡೆಸ್ಕ್‌ನ ಹಿಂದಿನ ಸ್ಟೂಲಿನ ಮೇಲೆ.

ನಾನು ಹುಬ್ಬಳ್ಳಿಯವನು, ಕಂಪ್ಯೂಟರ್ ಕೆಲಸದವನು, ಹತ್ತಿರದ ಹ್ಯಾರಿಸನ್‌ನಲ್ಲಿ ಮನೆ. 2008ರ ಸೆಪ್ಟೆಂಬರಿನಲ್ಲಿ ಮ್ಯಾನ್‌ಹಾಟನ್‌ನ ನಮ್ಮ ಆಫೀಸಿನವರು ಒಂದು ದಿನ ಎಲ್ಲರ ಕೈಗೂ ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿದರು. ಕೆಲಸವಿಲ್ಲದವನಿಗೆ ಭಾನುವಾರವೂ ಒಂದೇ, ಬುಧವಾರವೂ ಒಂದೇ. ರೈಲು ಹತ್ತಿ ಸೀಕಾಕಸ್‌ಗೆ ಹೋಗಿ ಮೋಟೆಲ್‌ನ ಲಾಬಿಯಲ್ಲಿ ಕೂತು ಸುಜಾತಕ್ಕನ ಕಾಫಿ ಕುಡಿಯುವುದೇ ನನ್ನ ಹೊಸ ಉದ್ಯೋಗವಾಯಿತು. ಮನೆ ಬ್ಯಾಂಕಿನ ಪಾಲಾದವರು ಆಗ ಸೂಟ್‌ಕೇಸು, ಮಕ್ಕಳು, ನಾಯಿ ಸಮೇತ ಬಂದು ವಾರದ ಬಾಡಿಗೆಗೆ ಇಳಿಯುತ್ತಿದ್ದರು. ಇಬ್ಬರೇ ಎಂದು ಬರೆಸಿ ಐವರು ಇರುತ್ತಿದ್ದರು. ಕರುಣಾಕರಣ್ಣನ ಕಣ್ಣಿಗೆ ಬಿಡುವೇ ಇರಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ಅನುಷ್ಕಾ ಇಂಗ್ಲೆಂಡಿಗೆ ಹೋದಳು. ಇಲ್ಲಿನ ಕಾಲೇಜಿನ ಮೂರನೇ ವರ್ಷವನ್ನು ಅಲ್ಲಿ ಓದಬಹುದು ಎಂಬ ಏರ್ಪಾಡು. ಯಾರ್ಕ್‌ಶೈರ್‌ನ ಒಂದು ಊರು, ಇತಿಹಾಸದ ಪಾಠ. ಅಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಪ್ರತಿ ಭಾನುವಾರ ಫೋನು, ಜೊತೆಗೆ ಇ-ಮೇಲ್‌ನಲ್ಲಿ ಫೋಟೋ.

ಫೋಟೋಗಳು ತಪ್ಪದೆ ಬಂದವು. ಯಾರ್ಕ್‌ನ ಕೋಟೆ ಗೋಡೆಯ ಮೇಲೆ ಅನುಷ್ಕಾ. ವಿಟ್ಬಿಯಲ್ಲಿ ಕಡಲಿಗೆ ಬೆನ್ನು ಹಾಕಿ ಅನುಷ್ಕಾ. ಎಡಿನ್‌ಬರೋದ ಗಾಳಿಗೆ ಕೂದಲು ಹಾರಿಸಿಕೊಂಡು ಅನುಷ್ಕಾ. ಬಸ್ ಟಿಕೆಟನ್ನು ಮುಂಚೆಯೇ ಕಾದಿರಿಸಿದರೆ ತೀರ ಅಗ್ಗವಂತೆ, ಒಂದು ಸ್ಯಾಂಡ್‌ವಿಚ್‌ನ ಖರ್ಚಿನಲ್ಲಿ ಊರು ನೋಡಿ ಬರಬಹುದಂತೆ. ವಾರಕ್ಕೆ ಎಂಟೇ ಗಂಟೆ ಕ್ಲಾಸು, ಉಳಿದದ್ದೆಲ್ಲ ಲೈಬ್ರರಿಯಲ್ಲಿ ಕೂತು ನಾವೇ ಓದಿಕೊಳ್ಳಬೇಕಂತೆ. ಆರು ಹುಡುಗಿಯರಿಗೆ ಒಂದು ಅಡುಗೆಮನೆ, ಫ್ರಿಜ್‌ನಲ್ಲಿ ತಲೆಗೊಂದು ಖಾನೆ.

“ಎಂಟು ಗಂಟೆ ಅಂದ್ರೆ ಎಂತ ಕಾಲೇಜು ಅದು?” ಎಂದು ಕರುಣಾಕರಣ್ಣ ನನ್ನನ್ನು ಕೇಳಿದರು. “ನಮ್ಮಲ್ಲಿ ಡ್ರೈವಿಂಗ್ ಕಲಿಸುವವ ಸಹ ಅದಕ್ಕಿಂತ ಜಾಸ್ತಿ ಕಲಿಸ್ತಾನೆ.”

“ಅಲ್ಲಿ ಹಂಗ ಇರತದ್ರಿ ಅಣ್ಣಾ. ಓದೂದು ಅವರವರ ಪಾಡು,” ಎಂದೆ.

“ಆಯ್ತು, ಓದು ಇರಲಿ.” ಅವರು ಕಂಪ್ಯೂಟರ್‌ನ ಪರದೆಗೆ ಬೆರಳು ಒತ್ತಿದರು. “ಇದು ತೆಗೆದದ್ದು ಯಾರು?”

ಆ ಪ್ರಶ್ನೆ ನನ್ನ ತಲೆಗೂ ಹುಳ ಬಿಟ್ಟಿತು. ಮಗಳು ಪ್ರತಿ ಫೋಟೋದಲ್ಲೂ ಅಡಿಯಿಂದ ಮುಡಿಯವರೆಗೆ ಇದ್ದಾಳೆ, ನಗುತ್ತಿದ್ದಾಳೆ. ಎದುರಿಗೆ ಕ್ಯಾಮೆರಾ ಹಿಡಿದು ಯಾರೋ ನಿಂತಿರಲೇಬೇಕಲ್ಲ? ಫೋನಿನಲ್ಲಿ ಅವಳ ಮಾತೂ ಹಾಗೇ ಇತ್ತು. “ವೀ ವೆಂಟ್ ಟು ವಿಟ್ಬಿ, ಅಪ್ಪಾ.” “ವೀ ಹ್ಯಾಡ್ ಫಿಶ್ ಆ್ಯಂಡ್ ಚಿಪ್ಸ್.” ನೀವು ಅಂದರೆ ಯಾರ್ಯಾರು ಎಂದು ಕೇಳಿದರೆ “ಜಸ್ಟ್ ಪೀಪಲ್” ಎಂದು ಹಾರಿಸಿಬಿಡುತ್ತಿದ್ದಳು.

ಎಡಿನ್‌ಬರೋದ ಚಿತ್ರದಲ್ಲಿ ಅವಳು ಕಪ್ಪು ಕನ್ನಡಕ ಹಾಕಿದ್ದಳು. ಅದರ ಗಾಜಿನಲ್ಲಿ ಎದುರಿಗಿದ್ದವರ ನೆರಳು ಬಿದ್ದಿರುತ್ತದೆ ಎಂದು ಹೊಳೆದದ್ದು ಕರುಣಾಕರಣ್ಣನಿಗೇ, ಪತ್ತೇದಾರರಾಗಬೇಕಿದ್ದ ಮನುಷ್ಯ. ನಾನು ಕಂಪ್ಯೂಟರಿನವನಲ್ಲವೇ, ಚಿತ್ರವನ್ನು ದೊಡ್ಡದು ಮಾಡುತ್ತ ಹೋದೆ. ಕೊನೆಗೆ ಗಾಜಿನಲ್ಲಿ ಕಂಡದ್ದು ಟೋಪಿ ಹಾಕಿದ ಒಂದು ಕಪ್ಪು ಆಕಾರ. ಮುಂದಿನ ವಾರದ ಲಿವರ್‌ಪೂಲ್ ಚಿತ್ರದಲ್ಲಿ ಅಂಗಡಿಯ ಗಾಜಿನ ಮೇಲೆ ಬಿದ್ದ ಆಕಾರಕ್ಕೆ ಟೋಪಿ ಇರಲಿಲ್ಲ, ಕೊಡೆ ಇತ್ತು. ಅದರ ಮುಂದಿನ ವಾರ ಆಕಾರ ಕುಳ್ಳಗಿತ್ತು.

“ಇದು ಬೇರೆ ಬೇರೆ ಮಂದಿ ಇದ್ದಂಗ ಅದರಿ,” ಎಂದೆ.

“ವೇಷ ಬದಲಾಯಿಸ್ತಾನೆ,” ಎಂದರು ಅವರು, ನಗದೆ.

ನವೆಂಬರ್ ಮುಗಿಯುವ ಹೊತ್ತಿಗೆ ಅವರು ತೀರ್ಮಾನಕ್ಕೆ ಬಂದಾಗಿತ್ತು. ಕ್ರಿಸ್‌ಮಸ್ ರಜೆಗೆ ಬರುವ ಮಗಳನ್ನು ಜನವರಿಯಲ್ಲಿ ವಾಪಸ್ ಕಳಿಸುವುದಿಲ್ಲ. ವಾಪಸ್ ಟಿಕೆಟ್ ರದ್ದು, ಓದು ಇಲ್ಲಿಯೇ. ಕಾರಣ ಕೇಳಿದರೆ ಎಕಾನಮಿ ಎಂದರಾಯಿತು. ಆ ವರ್ಷ ಆ ಮಾತಿಗೆ ಎದುರು ಹೇಳುವವರು ಯಾರಿದ್ದರು?

ಸುಜಾತಕ್ಕನಿಗೆ ಇದು ಗೊತ್ತಾಗಿ ಲಾಂಡ್ರಿ ರೂಮಿನಿಂದ ಕೈಯಲ್ಲಿ ದಿಂಬಿನ ಕವರು ಹಿಡಿದೇ ಬಂದರು. “ಅವಳು ಬಾಯಿಬಿಟ್ಟು ಕೇಳಿದ್ದು ಇಷ್ಟು ವರ್ಷದಲ್ಲಿ ಇದೊಂದೇ. ಅದನ್ನು ಕಿತ್ತುಕೊಂಡ್ರೆ ಅವಳು ನಿಮ್ಮ ಹತ್ರ ಮತ್ತೆ ಮಾತಾಡುದಿಲ್ಲ, ನೋಡ್ತಾ ಇರಿ.”

“ಮಾತಾಡದಿದ್ರೂ ಅಡ್ಡಿಲ್ಲ. ಕಣ್ಣೆದುರು ಇದ್ರೆ ಸಾಕು.”

ಅನುಷ್ಕಾ ಬಂದಳು. ನೆವಾರ್ಕ್ ಏರ್‌ಪೋರ್ಟ್‌ನಿಂದ ಕರೆತಂದವನು ನಾನೇ. ಸ್ವಲ್ಪ ಇಳಿದಿದ್ದಳು, ಮಾತು ಮಾತ್ರ ಹಿಂದಿಗಿಂತ ಜಾಸ್ತಿಯಾಗಿತ್ತು. ನೀರುದೋಸೆಗೆ ಬಂಗುಡೆ ಸಾರು ಹಾಕಿಕೊಂಡು ಉಣ್ಣುತ್ತ, ಮಳೆ, ಬಸ್ಸು, ಹಳೆಯ ಚರ್ಚು ಎಂದು ನಿಲ್ಲಿಸದೆ ಹೇಳಿದಳು. ಕರುಣಾಕರಣ್ಣ ಎದುರು ಕೂತು ಗಿರಾಕಿಯನ್ನು ನೋಡುವಂತೆ ಮಗಳನ್ನು ನೋಡುತ್ತಿದ್ದರು. ನನಗೆ ಅದು ಸರಿಬೀಳಲಿಲ್ಲ. ಹಾಗೆಂದು ಎದ್ದುಹೋಗಲೂ ಇಲ್ಲ, ನನಗೂ ಕುತೂಹಲವಿತ್ತು.

ಎರಡು ದಿನ ಬಿಟ್ಟು ತಾಯಿ ಮಗಳು ಮಾಲ್‌ಗೆ ಹೋದ ಮಧ್ಯಾಹ್ನ ಕರುಣಾಕರಣ್ಣ ಒಂದು ಪುಟ್ಟ ಕ್ಯಾಮೆರಾ ತಂದು ಡೆಸ್ಕ್‌ನ ಮೇಲೆ ಇಟ್ಟರು.

“ಇದನ್ನು ಕಂಪ್ಯೂಟರಿಗೆ ಹಾಕು ಶಶಿ.”

“ಅಣ್ಣಾ, ಇದು ಸರಿ ಅಲ್ರಿ. ದೊಡ್ಡಾಕಿ ಆಗ್ಯಾಳ ಹುಡುಗಿ.”

“ನಮಗೆ ಕಳಿಸಿದ್ದು ವಾರಕ್ಕೆ ಎರಡು ಫೋಟೋ. ಕಳಿಸದ್ದು ಎಷ್ಟಿರ್ಲಿಕ್ಕಿಲ್ಲ? ಅದರಲ್ಲಿ ಇರ್ತಾನೆ ಅವ.”

ಹಾಕಿದೆ. ನೂರಾರು ಚಿತ್ರಗಳಿದ್ದವು. ವಿಟ್ಬಿಯಿಂದ ಶುರುಮಾಡಿದೆವು. ಮೊದಲು ಒಂದು ಖಾಲಿ ಬೆಂಚು, ಹಿಂದೆ ಕಡಲು. ಆಮೇಲೆ ಅದೇ ಬೆಂಚಿನ ಮೇಲೆ ಅನುಷ್ಕಾ, ತಲೆಯೇ ಇಲ್ಲ, ತೆಗೆದವರು ಕತ್ತರಿಸಿಬಿಟ್ಟಿದ್ದರು. ಆಮೇಲೆ ಅನುಷ್ಕಾ, ಅರ್ಧಕ್ಕೆ ಯಾರದೋ ಹೆಬ್ಬೆರಳು ಅಡ್ಡ. ಕೊನೆಗೆ ನಮಗೆ ಬಂದಿದ್ದ ಆ ಚಂದದ ಚಿತ್ರ. ಯಾರ್ಕ್‌ನಲ್ಲೂ ಹಾಗೇ: ಖಾಲಿ ಗೋಡೆ, ಆಮೇಲೆ ಸೊಟ್ಟ ಅನುಷ್ಕಾ, ಆಮೇಲೆ ನೆಟ್ಟಗಿನ ಅನುಷ್ಕಾ. ಹೀಗೆ ನಿಲ್ಲುತ್ತೇನೆ, ಇಷ್ಟು ಬರಬೇಕು ಎಂದು ದಾರಿಹೋಕರಿಗೆ ತೋರಿಸಲು ಮೊದಲು ತಾನೇ ಖಾಲಿ ಜಾಗದ ಫೋಟೋ ತೆಗೆದುಕೊಳ್ಳುತ್ತಿದ್ದಳು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕರುಣಾಕರಣ್ಣನಿಗೆ ಅದಕ್ಕೂ ಮೊದಲೇ ಅರ್ಥವಾಗಿರಬೇಕು, ಪರದೆಯತ್ತ ಚಾಚಿದ್ದ ಬೆರಳನ್ನು ಅವರು ಹಿಂದಕ್ಕೆ ತೆಗೆದುಕೊಂಡಿದ್ದರು.

ಊಟದ ಚಿತ್ರಗಳು ಬಂದವು. ಮೇಜಿನ ಮೇಲೆ ಒಂದು ತಟ್ಟೆ, ಒಂದು ಲೋಟ. ಊರು ಬದಲಾದರೂ ತಟ್ಟೆ ಒಂದೇ. ಪಾರಿವಾಳಗಳಿದ್ದವು, ಬಸ್ ಕಿಟಕಿಯ ಮಳೆಹನಿ ಇತ್ತು, ಯಾರದೋ ಮನೆಯ ಬೆಕ್ಕಿತ್ತು. ಇಷ್ಟು ಚಿತ್ರಗಳಲ್ಲಿ ಇನ್ನೊಬ್ಬರ ಮುಖ ಒಂದೂ ಇರಲಿಲ್ಲ.

ನವೆಂಬರಿನದು ಒಂದಿತ್ತು. ಅಡುಗೆಮನೆಯ ಮೇಜು, ಅಂಗೈಯಗಲದ ಒಂದು ಕಪ್‌ಕೇಕು, ಅದರ ಮೇಲೆ ಉರಿಯುವ ಒಂದು ಮೇಣದಬತ್ತಿ, ಎದುರಿಗೆ ಒಂದು ಖಾಲಿ ಕುರ್ಚಿ. ಅದು ಅವಳ ಹುಟ್ಟುಹಬ್ಬದ ದಿನ. ಅವತ್ತು ಫೋನಿನ ಸ್ಪೀಕರಿನಲ್ಲಿ “ವೀ ಕಟ್ ಅ ಕೇಕ್, ಅಪ್ಪಾ” ಎಂದು ಅವಳು ಹೇಳಿದ್ದನ್ನು ಲಾಬಿಯಲ್ಲಿ ಕೂತು ನಾನೂ ಕೇಳಿಸಿಕೊಂಡಿದ್ದೆ.

“ಮುಂದೆ ಹಾಕ್ಲೇನ್ರಿ?” ಎಂದೆ. ಕರುಣಾಕರಣ್ಣ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಾಲ್‌ನ ಚೀಲಗಳೊಂದಿಗೆ ಅನುಷ್ಕಾ ಮುಂದೆ, ಸುಜಾತಕ್ಕ ಹಿಂದೆ. ಮಗಳ ಕಣ್ಣು ಕ್ಯಾಮೆರಾ ನೋಡಿತು, ಪರದೆ ನೋಡಿತು.

“ಯು ವೆಂಟ್ ಥ್ರೂ ಮೈ ಕ್ಯಾಮೆರಾ,” ಎಂದಳು. ದನಿ ಏರಿರಲಿಲ್ಲ. ಅಪ್ಪನ ಮುಖ ನೋಡಿ ಕನ್ನಡಕ್ಕೆ ಬಂದಳು. “ಕೇಳಿ ಅಪ್ಪ. ಯಾರು ತೆಗೆದದ್ದು ಅಂತ ಕೇಳ್ಲಿಕ್ಕುಂಟಲ್ವಾ? ನನಗೆ ಗೊತ್ತಿಲ್ಲ. ದಾರಿಯಲ್ಲಿ ಹೋಗುವವರು. ವಯಸ್ಸಾದವರನ್ನು ನೋಡಿ ಕೇಳ್ತೇನೆ. ಕೈಲಿ ಕೋಲಿದ್ರೆ ಇನ್ನೂ ಒಳ್ಳೇದು, ಕ್ಯಾಮೆರಾ ಹಿಡ್ಕೊಂಡು ಓಡ್ಲಿಕ್ಕೆ ಆಗುದಿಲ್ಲ.”

“ಮತ್ತೆ ವೀ, ವೀ ಅಂತಿದ್ದದ್ದು?” ಎಂದರು ಕರುಣಾಕರಣ್ಣ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

“ಒಬ್ಬಳೇ ತಿರುಗ್ತೇನೆ ಅಂದ್ರೆ ನೀವು ಬಿಡ್ತಿದ್ರಾ?”

“ಮನೇಲಿ ಆರು ಜನ ಹುಡುಗಿಯರು ಇದ್ದೀರಲ್ಲ.”

“ಮೊದಲ ವಾರ ಎರಡ್ಮೂರು ಸಲ ಕರೆದ್ರು. ಊಟಕ್ಕೆ, ಪಬ್‌ಗೆ. ನಾನು ನೋ ಅಂದೆ. ಮತ್ತೆ ಕರೀಲಿಲ್ಲ.”

“ಯಾಕೆ ನೋ ಅಂದದ್ದು?”

ಅನುಷ್ಕಾ ಅಪ್ಪನನ್ನು ನಿಜವಾಗಿಯೂ ಆಶ್ಚರ್ಯದಿಂದ ನೋಡಿದಳು. “ನೀವೇ ಅಲ್ವಾ ಹೇಳಿಕೊಟ್ಟದ್ದು? ಸುಮ್ಮನೆ ಯಾರೂ ಕರೆಯುದಿಲ್ಲ, ಕರೆದವರಿಗೆ ಎಂತದೋ ಬೇಕಾಗಿರ್ತದೆ ಅಂತ. ಇವರಿಗೆ ಎಂತ ಬೇಕು ಅಂತ ನಾನು ಯೋಚನೆ ಮಾಡ್ತಾ ಕೂತೆ. ಅಷ್ಟರಲ್ಲಿ ಅವರೆಲ್ಲ ಫ್ರೆಂಡ್ಸ್ ಆಗಿ ಆಯ್ತು.”

ಸುಜಾತಕ್ಕ ಚೀಲ ಕೆಳಗಿಟ್ಟು ಮಗಳ ಬೆನ್ನ ಮೇಲೆ ಕೈಯಿಟ್ಟರು. ಕರುಣಾಕರಣ್ಣ ಡೆಸ್ಕ್‌ನ ಹಿಂದೆ ಹೋಗಿ ನಿಂತರು. ಅವರಿಗೆ ನಿಲ್ಲಲು ಗೊತ್ತಿದ್ದ ಜಾಗ ಅದೊಂದೇ. ಆ ಪೋಲಿ ಹುಡುಗನಿಗೆ ಏನೇನು ಬೈಯಬೇಕು ಎಂದು ಎರಡು ತಿಂಗಳು ಮನಸ್ಸಿನಲ್ಲೇ ರಿಹರ್ಸಲ್ ಮಾಡಿದ್ದ ಮನುಷ್ಯ. ಆ ಹುಡುಗ ಈಗ ಎಲ್ಲಿಂದಲಾದರೂ ಬಂದು ಎದುರಿಗೆ ನಿಂತಿದ್ದರೆ ಕೈಹಿಡಿದು ಒಳಗೆ ಕರೆದು ಊಟ ಹಾಕುತ್ತಿದ್ದರೇನೋ.

“ವಾಪಸ್ ಹೋಗ್ಲಿಕ್ಕೆ ಮನಸ್ಸುಂಟಾ?” ಎಂದು ಅಲ್ಲಿಂದಲೇ ಕೇಳಿದರು.

ಅವಳು ಯೋಚಿಸಿಯೇ ಹೇಳಿದಳು. “ಉಂಟು. ಊರು ಚಂದ ಉಂಟು, ಅಪ್ಪ. ಅದು ಸುಳ್ಳಲ್ಲ.”

ಟಿಕೆಟ್ ರದ್ದಾಗಲಿಲ್ಲ. ಜನವರಿಯ ಚಳಿಯಲ್ಲಿ ಅವಳನ್ನು ಏರ್‌ಪೋರ್ಟಿಗೆ ಬಿಡಲು ಮೂವರೂ ಹೋದೆವು. ಸುಜಾತಕ್ಕ ಸ್ವೆಟರು, ಮಾತ್ರೆ, ಉಪ್ಪಿನಕಾಯಿ ಎಂದು ನೆನಪಿಸುತ್ತಲೇ ಇದ್ದರು. ಸೆಕ್ಯುರಿಟಿ ಸಾಲಿನ ಹತ್ತಿರ ಮಗಳು ಕಾಲುಮುಟ್ಟಿ ಎದ್ದಾಗ ಕರುಣಾಕರಣ್ಣ ಅವಳ ಕೋಟಿನ ಕಾಲರು ಸರಿಮಾಡಿ, “ಯಾರಾದ್ರೂ ಕರೆದ್ರೆ ಹೋಗು,” ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿದ್ದ ನನಗೆ ಕಂಡಿತು. ಕಾರಿಗೆ ವಾಪಸ್ ಬರುವಾಗ ಆ ಮಾತಿಗೆ ಆಗಲೇ ಪಶ್ಚಾತ್ತಾಪಪಡುತ್ತಿದ್ದರು.

ಮೊದಲ ಕೆಲವು ವಾರ ಫೋಟೋ, ಫೋನು ಎಂದಿನಂತೆ ಬಂದವು. ಫೋನಿನಲ್ಲಿ “ಐ ವೆಂಟ್” ಎನ್ನಲು ಶುರುಮಾಡಿದ್ದಳು. ಅದನ್ನು ಕೇಳಿದಾಗಲೆಲ್ಲ ಕರುಣಾಕರಣ್ಣ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಮೋಟೆಲ್‌ನಲ್ಲಿ ಮಾತ್ರ ಅವರ ಹದ್ದಿನ ಕಣ್ಣು ಹಾಗೇ ಇತ್ತು. ಅದೇ ದಿನಗಳಲ್ಲಿ ಗಿರಾಕಿಯೊಬ್ಬ ಬಾತ್‌ರೂಮಿನಲ್ಲಿ ಅಡಗಿಸಿಟ್ಟಿದ್ದ ನಾಯಿಯೊಂದನ್ನು ಹಿಡಿದಿದ್ದರು.

ಫೆಬ್ರವರಿಯ ಒಂದು ಭಾನುವಾರ ಫೋಟೋ ಬರಲಿಲ್ಲ. ಮಧ್ಯಾಹ್ನವಾಯಿತು, ಫೋನೂ ಬರಲಿಲ್ಲ. ಇಂಗ್ಲೆಂಡಿನಲ್ಲಿ ಆಗಲೇ ಕತ್ತಲಾಗಿರುತ್ತದೆ. ನಾನು ಲಾಬಿಯಲ್ಲಿ ಪೇಪರು ಅಡ್ಡ ಹಿಡಿದು ಕರುಣಾಕರಣ್ಣನ ಗುಡುಗಿಗೆ ಕಾಯುತ್ತಿದ್ದೆ. ಸುಜಾತಕ್ಕ ಎರಡು ಸಲ ಬಂದು “ನೀವೇ ಒಮ್ಮೆ ಮಾಡಿ ನೋಡಿ” ಎಂದರು. ಕರುಣಾಕರಣ್ಣ ಫೋನ್ ಎತ್ತಿದರು, ನಂಬರ್ ಅರ್ಧ ಒತ್ತಿದರು, ಇಟ್ಟುಬಿಟ್ಟರು. ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು, ಕೈ ಫೋನನ್ನು ಬಿಟ್ಟಿರಲಿಲ್ಲ.

“ಬೇಡ,” ಎಂದರು. “ಯಾರೋ ಕರೆದಿರ್ಬೇಕು. ಹೋಗಿರ್ತಾಳೆ.”