ಐದನೇ ಸೆಮಿಸ್ಟರಿಗೆ ಮುಂಚಿನ ಡ್ರಾಯಿಂಗ್ ಪೇಪರು

ಕಾಲೇಜು ಸೇರಿದಾಗ ಕೊಟ್ಟ ಪಠ್ಯಕ್ರಮದ ಪುಸ್ತಿಕೆ ಈಗಲೂ ನನ್ನ ಹತ್ತಿರವಿದೆ. ರಟ್ಟು ಹೋಗಿದೆ, ಮೊದಲ ಪುಟಗಳೂ ಇಲ್ಲ. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಪುಟ ಮಾತ್ರ ಉಳಿದಿದೆ: ಮೊದಲ ವರ್ಷದ ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗದವರು ಐದನೇ ಸೆಮಿಸ್ಟರಿಗೆ ಸೇರುವಂತಿಲ್ಲ. ಆ ಗೆರೆ ಎಳೆದದ್ದು ಸೇರಿದ ದಿನವೇ ಎಂದು ಬಹಳ ಕಾಲ ನಂಬಿದ್ದೆ. ಹಾಗೆ ನಂಬಿದರೆ ನಾನು ಜಾಗರೂಕಳಾದ ಹುಡುಗಿಯಾಗುತ್ತೇನೆ. ಡೈರಿ ಬೇರೆಯೇ ಹೇಳುತ್ತದೆ. ಎರಡನೇ ಸಲ ಫೇಲಾದ ಸಂಜೆ ಎಳೆದದ್ದು.

ಫೇಲಾದದ್ದು ಕಂಪ್ಯೂಟರಿಗೆ ಸಂಬಂಧಿಸಿದ ವಿಷಯದಲ್ಲಲ್ಲ. ತೊಂಬತ್ತರ ದಶಕದಲ್ಲಿ ಕೊಚ್ಚಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸಿಗೆ ಸೇರಿದವರೂ ಮೊದಲ ವರ್ಷ ಕಬ್ಬಿಣ ಕಾಯಿಸಿ ಬಡಿಯಬೇಕಿತ್ತು, ಮರ ಉಜ್ಜಬೇಕಿತ್ತು, ಎಂಜಿನಿಯರಿಂಗ್ ಡ್ರಾಯಿಂಗ್ ಬರೆಯಬೇಕಿತ್ತು. ಕಬ್ಬಿಣ, ಮರ ಎರಡನ್ನೂ ಹೇಗೋ ದಾಟಿದೆ. ಡ್ರಾಯಿಂಗಿನಲ್ಲಿ ಸಮಯ ಸಾಲದೆ ಕುಸಿದೆ. ಇದನ್ನು ಮನೆಯಲ್ಲಿ ಹೇಳುವುದು ಕಷ್ಟವಾಗಿತ್ತು, ಯಾಕೆಂದರೆ ಅಪ್ಪ ಡ್ರಾಫ್ಟ್ಸ್‌ಮನ್. ಬೆಂಗಳೂರಿನಿಂದ ವರ್ಗವಾಗಿ ಬಂದು, ತಿರುವನಂತಪುರದ ಹತ್ತಿರ ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ದಿನವಿಡೀ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದೇ ಅವರ ಕೆಲಸ.

ಅವರು ಬೈಯಲಿಲ್ಲ. ರಜೆಗೆ ತಿರುವನಂತಪುರಕ್ಕೆ ಬಂದ ನನ್ನನ್ನು ಊಟದ ಮೇಜಿನ ಮುಂದೆ ಕೂರಿಸಿಕೊಂಡರು. "ಮೊದ್ಲು ಕಣ್ಣಲ್ಲಿ ತಿರುಗ್ಸಿ ನೋಡು. ಆಮೇಲೆ ಪೆನ್ಸಿಲ್ ಮುಟ್ಟು."

ಅಮ್ಮ ತಟ್ಟೆ ಹಿಡಿದು ನಿಂತಿರುತ್ತಿದ್ದರು. "ಮೇಜು ಬಿಟ್ಕೊಡ್ತೀರೋ, ಇಲ್ಲಾ ಸಾರನ್ನೂ ಹಾಳೆ ಮೇಲೇ ಬಡಿಸ್ಲೋ?"

ಮೂರು ವಾರದಲ್ಲಿ ನನ್ನ ಕೈ ಚುರುಕಾಯಿತು. ಮರುಪರೀಕ್ಷೆಗೆ ಎಲ್ಲ ಪ್ರಶ್ನೆಗಳನ್ನೂ ಬರೆದು ಮುಗಿಸಿದೆ. ಮತ್ತೆ ಫೇಲು.

ಯಾಕೆಂದು ಗೊತ್ತಾದದ್ದು ಹಾಸ್ಟೆಲ್ ಕೋಣೆಯಲ್ಲಿ ಜೊತೆಗಿದ್ದ, ನನಗಿಂತ ಒಂದು ವರ್ಷ ಹಿರಿಯ ಚೇಚಿಯಿಂದ. ಚೇಚಿ ಎಂದರೆ ಅಕ್ಕ. ನಾನು ಮನೆಯಲ್ಲಿ ಬರೆದಿದ್ದ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. "ಎಂದಾಡೀ, ಏನೇ ಇದು? ಪ್ಲಾನ್ ಯಾಕೆ ಮೇಲೆ ಹತ್ತಿ ಕೂತಿದೆ?" ಅವರು ಹೇಳಿದ್ದು ಪೂರ್ತಿ ಮಲಯಾಳದಲ್ಲಿ. ಕನ್ನಡಕ್ಕೆ ತರುವಾಗ ನಾನೇ ಸ್ವಲ್ಪ ತಮಾಷೆ ಸೇರಿಸಿರಬಹುದು.

ವಿಷಯ ಇಷ್ಟೇ. ಒಂದು ವಸ್ತುವನ್ನು ಎದುರಿನಿಂದ ನೋಡಿ ಒಂದು ಚಿತ್ರ ಬರೆಯುತ್ತೇವೆ, ಮೇಲಿನಿಂದ ನೋಡಿ ಇನ್ನೊಂದು. ಮೇಲಿನಿಂದ ನೋಡಿದ್ದಕ್ಕೆ ಪ್ಲಾನ್ ಎನ್ನುತ್ತಾರೆ. ಅದನ್ನು ಹಾಳೆಯಲ್ಲಿ ಎದುರಿನ ಚಿತ್ರಕ್ಕಿಂತ ಮೇಲಿಡುವುದು ಒಂದು ಪದ್ಧತಿ, ಕೆಳಗಿಡುವುದು ಇನ್ನೊಂದು. ಅಪ್ಪನ ವಿಭಾಗದಲ್ಲಿ ಮೇಲೆ, ನಮ್ಮ ಪರೀಕ್ಷೆಯಲ್ಲಿ ಕೆಳಗೆ. ಪ್ರಶ್ನೆಪತ್ರಿಕೆಯ ಮೊದಲ ಸಾಲಿನಲ್ಲೇ ಯಾವ ಪದ್ಧತಿ ಎಂದು ಅಚ್ಚಾಗಿರುತ್ತಿತ್ತು. ನಾನು ಆ ಸಾಲನ್ನು ಓದಿರಲಿಲ್ಲ. ಇಪ್ಪತ್ತು ವರ್ಷ ನಕ್ಷೆ ಬರೆದವರು ಕಲಿಸಿದ ಮೇಲೆ ಓದುವುದೇನಿದೆ?

"ಇನ್ನೊಂದೇ ಚಾನ್ಸ್," ಎಂದರು ಚೇಚಿ. "ಆಮೇಲೆ ಇಯರ್ ಔಟ್. ನಿನ್ನ ಜೊತೆಯವರೆಲ್ಲ ಮುಂದೆ ಹೋಗ್ತಾರೆ, ನೀನು ಮನೇಲಿ ಕೂತು ಕಪ್ಪ ತಿನ್ನು." ಕಪ್ಪ ಎಂದರೆ ಮರಗೆಣಸು. ನಗಿಸಲು ಹೇಳಿದ್ದು.

ಕೊನೆಯ ಪರೀಕ್ಷೆಗೆ ಮುಂಚೆ ಒಂದು ವಾರ ಮನೆಗೆ ಹೋದೆ. ಅಪ್ಪ ಮೇಜು ಒರೆಸಿ, ಬೋರ್ಡು ಇಟ್ಟು ಕಾಯುತ್ತಿದ್ದರು. ಆಗ ಹೇಳಬೇಕಿತ್ತು. ಹೇಳಲಿಲ್ಲ. ಅವರ ಮುಂದೆ ಪ್ಲಾನನ್ನು ಮೇಲಿಟ್ಟು ಬರೆಯುತ್ತಿದ್ದೆ. ಅವರು ಕೆಲಸಕ್ಕೆ ಹೋದ ಮೇಲೆ ಒಳಕೋಣೆಯ ಚಿಲಕ ಹಾಕಿಕೊಂಡು ಅದನ್ನೇ ಕೆಳಗಿಟ್ಟು ಬರೆದು, ಸುರುಳಿ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದೆ. ಅವರ ಮನಸ್ಸು ನೋಯಬಾರದೆಂದು ಹಾಗೆ ಮಾಡಿದೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜವೇ? ನನ್ನ ಸೋಲಿಗೆ ಇನ್ನೊಬ್ಬರು ಕಾರಣ ಎಂಬುದು ಒಂದು ಆಸರೆಯಾಗಿತ್ತು. ಬಾಯಿಬಿಟ್ಟರೆ "ಮೊದಲ ಸಾಲು ಓದಲಿಲ್ವಾ?" ಎಂದು ಅವರು ಕೇಳುತ್ತಿದ್ದರು, ಆಸರೆ ಹೋಗುತ್ತಿತ್ತು.

ಎರಡೂ ಬರೆದು ಬರೆದು ಕೈಗೆ ಯಾವುದೂ ತನ್ನದಾಗಿ ಉಳಿಯಲಿಲ್ಲ. ಸ್ನಾನ ಮಾಡುವಾಗಲೂ ಮೇಲೋ ಕೆಳಗೋ ಎಂದು ಬೆರಳು ಗಾಳಿಯಲ್ಲಿ ಆಡುತ್ತಿತ್ತು.

ಹೊರಟ ದಿನ ಅಪ್ಪ ಸ್ಟೇಷನ್ನಿಗೆ ಬಂದರು. ರೈಲಿನ ಕಿಟಕಿಯಿಂದ ಎರಡು ಪೆನ್ಸಿಲ್ ಕೊಟ್ಟು, "ಪೇಪರ್ ಕೊಟ್ಟ ತಕ್ಷಣ ಮೊದಲ ಸಾಲು ಓದು," ಎಂದರು. ಈ ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿದೆ. ಆದರೆ ಅಂದಿನ ಡೈರಿಯಲ್ಲಿರುವುದು ಇಷ್ಟು: "ಅಪ್ಪ ಬಂದಿದ್ದರು. ಪೆನ್ಸಿಲ್ ಕೊಟ್ಟರು. ಏನೂ ಹೇಳಲಿಲ್ಲ." ಯಾವುದನ್ನು ನಂಬಲಿ? ಆ ವಾರ ನಾನು ಡೈರಿಗೂ ನಿಜ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಹಾಸ್ಟೆಲ್ ತಲುಪಿ ಸಂಜೆ, ಮಂಚದ ಕೆಳಗಿಂದ ತಂದಿದ್ದ ಸುರುಳಿ ಬಿಚ್ಚಿದೆ. ಮೂರನೇ ಹಾಳೆಯಲ್ಲಿ ನಾನು ಬರೆಯದ ಒಂದು ಗೆರೆಯಿತ್ತು. ವಸ್ತುವಿನ ಹಿಂದೆ ಮರೆಯಾಗಿರುವ ಅಂಚನ್ನು ತುಂಡು ತುಂಡು ಗೆರೆಯಿಂದ ತೋರಿಸಬೇಕು. ನಾನು ಅದನ್ನು ಮರೆತಿದ್ದೆ. ಯಾರೋ ತುಂಬಿದ್ದರು, ಪ್ಲಾನ್ ಕೆಳಗಿದ್ದ ಚಿತ್ರದಲ್ಲಿ. ತುಂಡುಗಳೆಲ್ಲ ಒಂದೇ ಉದ್ದ, ನಡುವಿನ ಜಾಗವೂ ಒಂದೇ ಅಳತೆ. ನನ್ನ ಗೆರೆಗಳು ಎಂದೂ ಹಾಗೆ ಬಂದವಲ್ಲ. ಆ ಹಾಳೆ ಇನ್ನೂ ಇದೆ, ಹಾಗಾಗಿ ಈ ಒಂದನ್ನು ಮಾತ್ರ ಅನುಮಾನವಿಲ್ಲದೆ ಬರೆಯುತ್ತಿದ್ದೇನೆ.

ಮರುದಿನ ಮೊದಲ ಸಾಲನ್ನು ಮೂರು ಸಲ ಓದಿದೆ. ಆದರೂ ಎರಡನೇ ಪ್ರಶ್ನೆಯ ಅರ್ಧಕ್ಕೆ ಬಂದಾಗ ನೋಡಿದರೆ ಪ್ಲಾನ್ ಮೇಲೆ ಕೂತಿತ್ತು. ಅಳಿಸಿದೆ. ಹಾಳೆ ಜುಂಗೆದ್ದಿತು. ಕೆಳಗೆ ಬರೆಯಲು ಜಾಗ ಬಿಟ್ಟಿರಲಿಲ್ಲ. ಬೇರೆ ಹಾಳೆ ಕೇಳಿ ಮೊದಲಿನಿಂದ ಶುರುಮಾಡಿದೆ. ಕೊನೆಯ ತುಂಡು ಗೆರೆ ಎಳೆಯುತ್ತಿರುವಾಗ ಮೇಲ್ವಿಚಾರಕಿ ಹಾಳೆಯ ತುದಿ ಹಿಡಿದು, ಮಗಳೇ ಎಂದು ಕರೆದರು. "ಮೋಳೇ, ಸಮಯ ಆಯ್ತು, ಬಿಡು."

ಫಲಿತಾಂಶ ಬರುವವರೆಗೆ ತಾತ್ಕಾಲಿಕ ಅನುಮತಿಯ ಮೇಲೆ ಐದನೇ ಸೆಮಿಸ್ಟರಿನ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಪೆನ್ಸಿಲಿನ ಗುರುತು, ಉಳಿದವರಿಗೆಲ್ಲ ಶಾಯಿ.

ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರು ಕಂಡ ಮೇಲೆ ಎಸ್‌ಟಿಡಿ ಬೂತಿಗೆ ಓಡಿದೆ. ನಮ್ಮ ಮನೆಗೆ ಫೋನಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಆಂಟಿ ಫೋನೆತ್ತಿ, "ಸಾರೇ, ಮೋಳಾಣು!" ಎಂದು, ಮಗಳ ಫೋನು ಬಂತೆಂದು, ಅಪ್ಪನನ್ನು ಕೂಗಿದರು.

"ಪಾಸಾದೆ," ಎಂದೆ.

ಅಪ್ಪ ಕೇಳಿದರು, "ಪ್ಲಾನ್ ಎಲ್ಲಿಟ್ಟೆ?"

"ಕೆಳಗೆ."

"ಹೂಂ. ಕಾಣದ ಅಂಚು?"

"ತುಂಡು ಗೆರೆ ಹಾಕಿದೀನಿ, ಅಪ್ಪ. ಒಂದರಲ್ಲಿ ಅರ್ಧ ಆಗಿತ್ತು, ಹಾಳೆ ಎಳ್ಕೊಂಡ್ರು."

"ಅದೊಂದು ನಿಧಾನ ನಿಂದು," ಎಂದರು. "ಇರು, ಅಮ್ಮನ್ನ ಕರೀತೀನಿ."