ಬಂದರಿನಲ್ಲಿ ಬೀಗರು

ಸಮುದ್ರ ಹಾನಗಲ್ಲಿಗೆ ದೂರವಲ್ಲ. ಮುಂಜಾನೆ ಬಸ್ಸು ಹತ್ತಿ, ಶಿರಸಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ, ಊಟದ ಹೊತ್ತಿಗೆ ಗೋಕರ್ಣದ ದಂಡೆಯ ಮೇಲೆ ನಿಂತಿರಬಹುದು. ಅದಕ್ಕೆ ಪಾಸ್‌ಪೋರ್ಟ್ ಬೇಡ, ಸಭೆ ಬೇಡ, ಮುಖ್ಯವಾಗಿ ನನ್ನ ಷಡ್ಡಕ ಬೇಡ. ಇಂಥ ಸರಳವಾದ ಕೆಲಸವನ್ನು ಬಿಟ್ಟು ನಾವು ಸಮುದ್ರವನ್ನು ಮುಟ್ಟಲಿಕ್ಕೆಂದು ಸಿಂಗಾಪುರಕ್ಕೆ ವಿಮಾನ ಹತ್ತಿದೆವು. ಮನುಷ್ಯರ ಬುದ್ಧಿಯ ಬಗ್ಗೆ ನನಗೆ ಮೊದಲಿನಿಂದಲೂ ಘನವಾದ ಅಭಿಪ್ರಾಯವಿಲ್ಲ. ಹಾನಗಲ್ಲ ಕೋರ್ಟಿನಲ್ಲಿ ಆಯುಷ್ಯ ಕಳೆದು ಕರಿಕೋಟು ಗೂಟಕ್ಕೆ ಹಾಕಿದ ವಕೀಲನಿಗೆ ಅದು ಇರಲೂಬಾರದು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿಯ ಮೊಣಕಾಲು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿ, ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಿದ್ದ ದಿನಗಳಲ್ಲಿ ಆಕೆ ಒಂದು ಹರಕೆ ಹೊತ್ತಳು. ನಮ್ಮೂರ ಆನೆಕೆರೆ ತುಂಬಿದಾಗೆಲ್ಲ ಗಂಗವ್ವನಿಗೆ ಉಡಿ ತುಂಬಿ ಬರುವುದು ಆಕೆಯ ತವರಿನಿಂದ ಬಂದ ಪದ್ಧತಿ. ಮುತ್ತೈದೆಯ ಸೆರಗಿಗೆ ಹಾಕುವುದನ್ನೇ, ಅಂದರೆ ಅಕ್ಕಿ, ತೆಂಗಿನಕಾಯಿ, ಅರಿಷಿಣಕೊಂಬು, ಬಳೆ, ಒಂದು ಕುಪ್ಪಸದ ಖಣ, ಎಲ್ಲವನ್ನೂ ನೀರಿಗೆ ಒಪ್ಪಿಸಿ ಕೈಮುಗಿಯುವುದು. ಈ ಸಲ ಕೆರೆ ಸಾಲದೆಂದು ಆಕೆಗೆ ಅನ್ನಿಸಿತು.

"ನನ್ನ ಕಾಲಮ್ಯಾಲೆ ನಾ ನಡದೆ ಅಂದ್ರ, ಸಮುದ್ರದಾಗ ನಿಂತು ಉಡಿ ತುಂಬ್ತೇನಿ. ಕೆರಿ ನೀರೆಲ್ಲ ಕಡೀಕ ಅಲ್ಲೇ ಹೋಗತೈತಲ್ಲ, ಹಿರಿಯಾಕಿ ಅಕಿನ ಅಲ್ಲೇನ್ರಿ?"

ಕಾಯಿದೆ ಪ್ರಕಾರ ಈ ವಾದದಲ್ಲಿ ದೋಷವಿರಲಿಲ್ಲ. ಆನೆಕೆರೆಯ ನೀರು ಧರ್ಮಾ ಹೊಳೆಗೆ, ಧರ್ಮಾ ವರದೆಗೆ, ವರದೆ ತುಂಗಭದ್ರೆಗೆ, ಹೀಗೆ ಒಬ್ಬರ ಮೇಲೊಬ್ಬರು ಅಪೀಲು ಮಾಡಿಕೊಳ್ಳುತ್ತ ಕೊನೆಗೆ ಸಮುದ್ರದ ಮುಂದೆಯೇ ನಿಲ್ಲಬೇಕು. ಆಕೆ ಸಮುದ್ರವನ್ನು ಕಂಡವಳಲ್ಲ. ಬರುವ ಸೋಮವಾರ ಗೋಕರ್ಣಕ್ಕೆ ಹೋಗಿಬರೋಣ ಎಂದು ತೀರ್ಮಾನವಾಯಿತು. ಭಾನುವಾರ ಷಡ್ಡಕ ಬಂದ.

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಶಿಗ್ಗಾಂವಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಒಮ್ಮೆ ಯಾವುದೋ ಗೊಬ್ಬರದ ಕಂಪನಿಯವರು ಇವನಂಥ ಡೀಲರುಗಳನ್ನೆಲ್ಲ ಒಂದೇ ಬಣ್ಣದ ಟೊಪ್ಪಿಗೆ ಹಾಕಿ ಬ್ಯಾಂಕಾಕಿಗೆ ಕರೆದುಕೊಂಡು ಹೋಗಿದ್ದರು. ಅಂದಿನಿಂದ ಶಿಗ್ಗಾಂವಿ ತಾಲೂಕಿನಲ್ಲಿ ಪರದೇಶದ ಬಗ್ಗೆ ಯಾರಿಗೆ ಏನು ಸಂದೇಹ ಬಂದರೂ ಪರಿಹಾರ ಅವನ ಅಂಗಡಿಯ ಕಟ್ಟೆಯಲ್ಲಿ.

"ಗೋಕರ್ಣ ಏನ ನೋಡ್ತೀರಿ ಅಣ್ಣಾರ?" ಅಂದ ಅವನು, ಮೊಬೈಲಿನಲ್ಲಿ ಒಂದು ಹಡಗಿನ ಚಿತ್ರ ತೋರಿಸುತ್ತ. "ಅಕ್ಕಾರಿಗೆ ಸಮುದ್ರ ಬೇಕಲ್ಲ? ಉಂಡ್ರೂ ಸಮುದ್ರ, ಮಲಗಿದ್ರೂ ಸಮುದ್ರ. ನಾಕು ಜೋಡಿ ಆದ್ರ ರಿಯಾಯಿತಿ ಐತಿ."

ರಿಯಾಯಿತಿ ಎಂಬ ಶಬ್ದ ಕೇಳಿದ ಮೇಲೆ ನಮ್ಮ ಭಾಗದಲ್ಲಿ ಯಾವ ಪ್ರಶ್ನೆಯೂ ಉಳಿಯುವುದಿಲ್ಲ. ಗೋಕರ್ಣ ರದ್ದಾಯಿತು.

ನಾಲ್ಕು ಜೋಡಿ ಎಂದರೆ ನಾವು, ಷಡ್ಡಕ ದಂಪತಿ, ಹಿರೇಕೆರೂರಿನ ಅವನ ಗೆಳೆಯ ಒಬ್ಬ ಹತ್ತಿ ವ್ಯಾಪಾರಿ ಮತ್ತು ಆತನ ಹೆಂಡತಿ, ಹಾಗೂ ಸವಣೂರಿನ ಬೀಗರು. ಷಡ್ಡಕನ ಮಗಳನ್ನು ಕೊಟ್ಟ ಮನೆಯ ಯಜಮಾನರು ಇವರು. ಬಿಳಿ ಧೋತರ, ಬಿಳಿ ಟೊಪಗಿ, ನಿಧಾನವಾದ ಮಾತು. ಬೀಗರು ಬರುತ್ತಾರೆಂದು ತಿಳಿದ ದಿನವೇ ನಾನು ಈ ಪ್ರವಾಸದ ಭವಿಷ್ಯ ಹೇಳಬಹುದಿತ್ತು. ಯಾರೂ ಕೇಳಲಿಲ್ಲ.

ಯೋಜನೆಗೆಂದು ಸಭೆಗಳು ನಡೆದವು. ಶಿಗ್ಗಾಂವಿಯ ಸಭೆ ಮಿರ್ಚಿ ಭಜಿಯಲ್ಲಿ ಮುಗಿಯಿತು. ಸವಣೂರಿನಲ್ಲಿ ಬೀಗರು ತಮ್ಮೂರ ಖಾರಾ ತರಿಸಿ, ಎಲೆ-ಅಡಿಕೆ ಮುಂದಿಟ್ಟು, ಹಡಗಿನ ವಿಷಯ ಬಿಟ್ಟು ಉಳಿದೆಲ್ಲವನ್ನೂ ಗಂಭೀರವಾಗಿ ಚರ್ಚಿಸಿದರು. ಹಿರೇಕೆರೂರಿನ ವ್ಯಾಪಾರಿ ಕೇಳಿದ ಪ್ರಶ್ನೆ ಒಂದೇ, ಹಡಗಿನಲ್ಲಿ ಮೊಸರು ಸಿಗುತ್ತದೋ ಇಲ್ಲವೋ. ಹಡಗು ನಿಲ್ಲುವ ಬಂದರುಗಳ ದಿನಗಳನ್ನು ಮಾತ್ರ ಷಡ್ಡಕ ಯಾರಿಗೂ ಬಿಟ್ಟುಕೊಡಲಿಲ್ಲ. ಎಕರೆಗೆ ಇಷ್ಟು ಚೀಲ ಎಂದು ಗೊಬ್ಬರ ಹೇಳುವ ಧಾಟಿಯಲ್ಲೇ ಬಂದರಿಗೆ ಇಷ್ಟು ಸ್ಥಳ ಎಂದು ಎರಚಿಬಿಟ್ಟ. ಪೆನಾಂಗ್‌ನಲ್ಲಿ ಗುಡ್ಡ, ಗುಡಿ, ಚಿಟ್ಟೆಗಳ ತೋಟ, ಶಾಪಿಂಗ್ ಮಾಲು. ಫುಕೆಟ್‌ನಲ್ಲಿ ಮತ್ತೊಂದು ಗುಡ್ಡ, ಮತ್ತೊಂದು ಗುಡಿ, ಮುತ್ತಿನ ಅಂಗಡಿ.

"ನನ್ನ ಉಡಿ?" ಅಂದಳು ನನ್ನ ಹೆಂಡತಿ.

"ಅಕ್ಕಾರ, ಸಮುದ್ರದ ಮ್ಯಾಲೇ ಇರ್ತೀರಲ್ಲ! ಯಾವಾಗ ಬೇಕಾದ್ರ ಆವಾಗ ತುಂಬ್ರಿ."

ಈ ಮಾತನ್ನು ನಾಲ್ಕು ತಾಲೂಕಿನ ಎಂಟು ತಲೆಗಳು ಒಪ್ಪಿದವು. ಅದರಲ್ಲಿ ನನ್ನದೂ ಒಂದು.

ಸಿಂಗಾಪುರದಲ್ಲಿ ಹಡಗು ಹತ್ತುವಾಗಲೇ ಕಾವಲಿನವರು ತೆಂಗಿನಕಾಯಿಯನ್ನು ಹಿಡಿದರು. ಒಬ್ಬ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಳಗೆ ನೀರು ಸಪ್ಪಳ ಮಾಡಿದ್ದೇ ಅದರ ಅಪರಾಧವಾಯಿತು. ಇಳಿಯುವಾಗ ಒಯ್ಯಿರಿ ಎಂದು ತೆಗೆದಿಟ್ಟುಕೊಂಡರು. ಅಕ್ಕಿ, ಅರಿಷಿಣ, ಬಳೆ, ಖಣ ಅವಳ ಸೆರಗಿನ ಗಂಟಿನಲ್ಲಿದ್ದವು. ಇಳಕಲ್ ಸೀರೆಯ ಸೆರಗನ್ನು ಬಿಚ್ಚಿಸುವ ಧೈರ್ಯ ಇನ್ನೂ ಯಾವ ಸರಕಾರಕ್ಕೂ ಬಂದಿಲ್ಲ.

ಮರುದಿನ ಮುಂಜಾನೆ ಆಕೆ ಸ್ನಾನ ಮಾಡಿ, ಉಡಿಯ ಗಂಟು ಹಿಡಿದು, ಹಡಗಿನ ಅಂಚಿಗೆ ಬಂದು ಕಂಬಿ ಹಿಡಿದು ಕೆಳಗೆ ನೋಡಿದಳು. ಸುತ್ತ ಎತ್ತ ನೋಡಿದರೂ ಸಮುದ್ರ. ಆದರೆ ನೀರಿಗೂ ಅವಳಿಗೂ ನಡುವೆ, ನಮ್ಮ ತಹಶೀಲ್ದಾರ ಕಚೇರಿಯನ್ನು ಒಂದರ ಮೇಲೊಂದು ಪೇರಿಸುತ್ತ ಹೋದಷ್ಟು ಅಂತರ. ಜನ ಇದಕ್ಕೆ ಸಮುದ್ರಯಾನ ಅನ್ನುತ್ತಾರೆ. ಒಳಗೆ ಅಂಗಡಿ, ಕುಣಿತ, ಇಸ್ಪೀಟು, ತಿನ್ನುವುದು, ಮತ್ತೆ ತಿನ್ನುವುದು. ಸಮುದ್ರದ ಸಂಬಂಧ ಬಾರದಂತೆ ಸಮುದ್ರದ ಮೇಲೆ ಒಂದು ಊರು ಕಟ್ಟಲು ಇಷ್ಟು ಕಬ್ಬಿಣ ಸುರಿದದ್ದು ಏಕೆಂದು ನನಗೆ ಇಂದಿಗೂ ತಿಳಿದಿಲ್ಲ.

"ಇಲ್ಲಿಂದ ಒಗದ್ರ ಅದು ಉಡಿ ತುಂಬಿದಂಗಲ್ಲ," ಅಂದಳು. "ಕಸಾ ಚೆಲ್ಲಿದಂಗ."

ಷಡ್ಡಕ ಒಂದು ಉಪಾಯ ಸೂಚಿಸಿದ. "ಮ್ಯಾಲೆ ಈಜೂ ಹೊಂಡ ಐತ್ರಿ ಅಕ್ಕಾರ. ಅದರಾಗೂ ಸಮುದ್ರದ ನೀರ ಇರಬೇಕು."

ಆಕೆ ಅವನನ್ನು ನೋಡಿದ ರೀತಿಗೆ ಅವನು ಊಟದ ಹಾಲಿನ ಕಡೆ ನಡೆದುಬಿಟ್ಟ. ಆವತ್ತಿನಿಂದ ಎಲ್ಲವೂ ಬಂದರಿನ ದಿನಗಳ ಮೇಲೆ ನಿಂತಿತು. ಬಂದರುಗಳಿದ್ದವು ಎರಡೇ.

ಪೆನಾಂಗ್ ಬಂತು. ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಷಡ್ಡಕ, "ಮುಂಜಾನೆ ಎಲ್ಲಾರೂ ಕೆಳಗ ಬಂದುಬಿಡ್ರಿ" ಎಂದು ಸಾರಿದ್ದ. ನಾವು ಬಂದೆವು. ಹಿರೇಕೆರೂರಿನವರು ಬಂದರು. ಹಡಗಿನ ಬುಡದಲ್ಲಿ, ಬಿಸಿಲಿನಲ್ಲಿ, ಕಟ್ಟಿಹಾಕಿದ ದನಗಳಂತೆ ನಿಂತೆವು. ಬೀಗರಿಲ್ಲ. ಉಳಿದ ಪ್ರವಾಸಿಗಳೆಲ್ಲ ಬಸ್ಸು ಹತ್ತಿ ಹೋದರು. ನಮ್ಮ ಹೆಸರಿನಲ್ಲಿದ್ದ ಬಸ್ಸೂ ಹಾರನ್ ಹೊಡೆದು ಹೊಡೆದು ಹೋಯಿತು.

"ಹೋಗೂಣು ನಡೀರಿ," ಅಂದೆ ನಾನು. "ಅವರು ಆಮ್ಯಾಲೆ ಬರ್ತಾರ."

"ಬೀಗರನ್ನ ಬಿಟ್ಟು ಹೆಂಗ ಹೋಗೂದ್ರಿ ಅಣ್ಣಾರ? ಮಗಳು ಆ ಮನ್ಯಾಗ ಬಾಳ್ವೆ ಮಾಡಬೇಕು."

ಕಡೆಗೆ ಷಡ್ಡಕನೇ ಮತ್ತೆ ಮೇಲೆ ಹೋಗಿ ನೋಡಿದರೆ, ಬೀಗರು ಧೋತರ ಉಟ್ಟು, ಟೊಪಗಿ ಹಾಕಿ, ಅತ್ತರು ಹಚ್ಚಿಕೊಂಡು ತಮ್ಮ ಕೋಣೆಯ ಮಂಚದ ಮೇಲೆ ನೆಟ್ಟಗೆ ಕುಳಿತಿದ್ದಾರೆ. ಮಗ್ಗುಲಲ್ಲಿ ಬೀಗಿತ್ತಿ, ಮಡಿಲಲ್ಲಿ ಪರ್ಸು. ನಸುಕಿನಿಂದ ಹಾಗೇ ಕುಳಿತವರು.

"ಕರದ್ರ ಬರ್ತಿದ್ವಿ," ಅಂದರಂತೆ.

ಊಟದ ಹಾಲಿನಲ್ಲಿ ಎಲ್ಲರಿಗೂ ಕೂಡಿ ಹೇಳಿದ್ದು ಕರೆದಂತಾಗುವುದಿಲ್ಲ. ಕೋಣೆಯ ಫೋನು ಗಣಗಣಿಸಿದ್ದೂ ಕರೆದಂತಾಗುವುದಿಲ್ಲ. ಬಾಗಿಲಿಗೆ ಬಂದು, ಕೈಮುಗಿದು, "ಬರ್ರಿ ಬೀಗರ, ನಿಮ್ಮ ಸಲುವಾಗಿ ನಿಂತೇವಿ" ಅಂದರೆ ಮಾತ್ರ ಕರೆದಂತೆ. ಸವಣೂರಿನಿಂದ ಲಗ್ನಕ್ಕೆ ಬರಲಿ, ಮಲೇಶಿಯಾದ ಬಂದರಿನಲ್ಲಿ ಇಳಿಯಲಿ, ರಿವಾಜು ಒಂದೇ. ಇಷ್ಟು ದೊಡ್ಡ ಹಡಗನ್ನು ಹೇಳಿದ ಹೊತ್ತಿಗೆ ದಡಕ್ಕೆ ತಂದು ನಿಲ್ಲಿಸುವ ಕ್ಯಾಪ್ಟನ್ ಒಬ್ಬನಿದ್ದ. ಬೀಗರನ್ನು ಕರೆಯಬೇಕೆಂದು ಪಾಪ ಅವನಿಗೂ ಹೊಳೆದಿರಲಿಲ್ಲ.

ಉಳಿದ ಹೊತ್ತಿನಲ್ಲಿ ಒಂದು ವ್ಯಾನು ಹಿಡಿದು ಮಾಲಿಗೆ ಹೋದೆವು. ತಂಪಾಗಿದೆ ಎಂಬ ಕಾರಣಕ್ಕೆ ಅಲ್ಲೇ ಕುಳಿತೆವು. ಹಿರೇಕೆರೂರಿನವರು ಮೊಸರನ್ನ ಹುಡುಕಿದರು. ತಿರುಗಿ ಬರುವಾಗ ವ್ಯಾನಿನ ಕಿಟಕಿಯಾಚೆ, ಒಂದು ಗೋಡೆಯ ಹಿಂದೆ, ಸಮುದ್ರ ತುಸು ಹೊತ್ತು ನಮ್ಮ ಜೊತೆಗೆ ಓಡಿತು.

"ಇಲ್ಲೇ ನಿಲ್ಲಿಸ್ರಿ," ಅಂದಳು ನನ್ನ ಹೆಂಡತಿ.

"ಟೈಮಿಲ್ರಿ ಅಕ್ಕಾರ. ಫುಕೆಟ್ ಐತಲ್ಲ."

ಆಕೆ ಹಡಗು ಹತ್ತಿದ ಮೇಲೆ ಉಡಿಯ ಗಂಟನ್ನು ಬಿಚ್ಚಿ, ಅಕ್ಕಿಯಲ್ಲಿ ಹುಳು ಆಗಿದೆಯೋ ಎಂದು ನೋಡಿ, ಮತ್ತೆ ಕಟ್ಟಿದಳು.

ಫುಕೆಟ್‌ನಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ, ನಡುನೀರಿನಲ್ಲಿ ನಿಲ್ಲುತ್ತದೆ. ಸಣ್ಣ ದೋಣಿಗಳಲ್ಲಿ ಜನರನ್ನು ದಂಡೆಗೆ ಬಿಡುತ್ತಾರೆ. ಅದನ್ನು ಬಿಟ್ಟರೆ ಸೀದಾ ಸಿಂಗಾಪುರ, ಸೀದಾ ಊರು. ಷಡ್ಡಕ ಪಾಠ ಕಲಿತಿದ್ದ. ಕೋಳಿ ಕೂಗುವ ಹೊತ್ತಿಗೆ, ಹಡಗಿನಲ್ಲಿ ಕೋಳಿ ಇದ್ದದ್ದು ಅಡಿಗೆಮನೆಯಲ್ಲಿ ಮಾತ್ರ, ಬೀಗರ ಬಾಗಿಲಿಗೆ ಹೋಗಿ ಕೈಮುಗಿದ. ಬೀಗರು ಪ್ರಸನ್ನರಾದರು. ಪ್ರಸನ್ನರಾದ ಬೀಗರು ಅವಸರ ಮಾಡುವುದಿಲ್ಲ. ಸ್ನಾನವಾಯಿತು, ಲಿಂಗಪೂಜೆಯಾಯಿತು, ನಾಷ್ಟಾ ಶುರುವಾಯಿತು.

ಈಗ ಇನ್ನೊಂದು ರಿವಾಜು ಅಡ್ಡ ಬಂತು. ಬೀಗರು ಎಲೆ ಮುಂದೆ ಕುಳಿತಿರುವಾಗ ಉಳಿದವರು ಏಳುವಂತಿಲ್ಲ. ಹಡಗಿನ ನಾಷ್ಟಾ ಎಂದರೆ ಬೇಕಾದಷ್ಟು ನೀಡಿಕೊಳ್ಳುವ ವ್ಯವಸ್ಥೆ. ಬೀಗರಿಗೆ ಅನಾನಸು ರುಚಿ ಹತ್ತಿತು. ತಾಟು ಹಿಡಿದು ಹೋದರು, ಬಂದರು, ಮತ್ತೆ ಹೋದರು. ಒಂದೊಂದು ಹೋಳನ್ನೂ ದಾವೆಯ ಕಾಗದ ಓದಿದಂತೆ ತಿರುಗಿಸಿ ನೋಡಿ ಬಾಯಿಗಿಟ್ಟರು. ನನ್ನ ಹೆಂಡತಿ ಉಪವಾಸವಿದ್ದು, ಉಡಿಯ ಗಂಟು ಹಿಡಿದು ಮೇಜಿನ ತುದಿಗೆ ಕುಳಿತಿದ್ದಳು. ಕಿಟಕಿಯಿಂದ ದೋಣಿಗಳು ಹೋಗುವುದು ಕಾಣುತ್ತಿತ್ತು. ತುಂಬಿ ಹೋಗುತ್ತಿದ್ದವು, ಖಾಲಿ ಬರುತ್ತಿದ್ದವು. ದಿಗಂತದ ಕಡೆ ಮೋಡವೂ ಕಟ್ಟುತ್ತಿತ್ತು. ಗಾಳಿ ಎದ್ದರೆ ದೋಣಿ ನಿಲ್ಲಿಸುತ್ತೇವೆಂದು ಹಡಗಿನವರು ಧ್ವನಿವರ್ಧಕದಲ್ಲಿ ಹೇಳಿದರು. ನಾನು ಅದನ್ನು ಕನ್ನಡಕ್ಕೆ ತಂದು ಎಲ್ಲರಿಗೂ ತಿಳಿಸಿದೆ.

"ಆಗಲೇಳ್ರಿ," ಅಂದರು ಬೀಗರು. "ಚಾ ಕುಡದು ಹೊಂಡೂಣು."

ನನ್ನ ಹೆಂಡತಿ ಎದ್ದು ನಿಂತಳು.

"ಅಕ್ಕಾರ, ಕುಂದರ್ರಿ," ಅಂದ ಷಡ್ಡಕ ಸಣ್ಣ ದನಿಯಲ್ಲಿ. "ಬೀಗರು ಏನ ತಿಳ್ಕೋತಾರ?"

"ಬೀಗರಿಗೆ ಹೇಳ್ರಿ," ಅಂದಳು, ಸಣ್ಣ ದನಿಯಲ್ಲಲ್ಲ. "ಹೊರಗ ಹಿರಿಯಾಕಿ ಒಬ್ಬಾಕಿ ಕಾಯಾಕತ್ತಾಳ. ನಾ ಆಕಿನ್ನ ಬಿಸಲಾಗ ನಿಲ್ಲಸಂಗಿಲ್ಲ."

ಹುಬ್ಬಳ್ಳಿಯ ಡಾಕ್ಟರು ಹಾಕಿದ ಮೊಣಕಾಲಿನಲ್ಲಿ ಅಷ್ಟು ವೇಗವಿದ್ದದ್ದು ಡಾಕ್ಟರಿಗೂ ಗೊತ್ತಿರಲಾರದು. ನಾನು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಆಕೆ ದೋಣಿಯ ಸರತಿಯಲ್ಲಿದ್ದಳು.

ಫುಕೆಟ್ ದಂಡೆಯ ವರ್ಣನೆ ಮಾಡುವುದಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಾರೆ. ಅಲ್ಲಿ ಮನುಷ್ಯರನ್ನು ಹಾಕಿದ್ದರು. ಆಗಾಗ ತಾವೇ ಮಗ್ಗುಲು ಬದಲಿಸಿಕೊಳ್ಳುತ್ತಿದ್ದರು. ಅವರ ನಡುವೆ ಇಳಕಲ್ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು ನನ್ನ ಹೆಂಡತಿ ಅತ್ತಿತ್ತ ನೋಡದೆ ನಡೆದಳು. ಉಸುಕಿನಲ್ಲಿ ಕಾಲು ಹೂತಾಗ ನನ್ನ ತೋಳು ಹಿಡಿದಳು. ಅಷ್ಟೇ.

ಕಾಯಿ ಇರಲಿಲ್ಲ. ಎಳನೀರು ಮಾರುವವನೊಬ್ಬ ಕತ್ತಿ ಹಿಡಿದು ನಿಂತಿದ್ದ. ಒಂದು ಕೊಡು ಎಂದು ಕೈ ಮಾಡಿದೆ. ಕತ್ತಿ ಎತ್ತಿದ. ಬೇಡ ಎಂದು ಎರಡೂ ಕೈ ಅಡ್ಡ ಹಿಡಿದೆ. ಆ ಕಾಯಿ ನನಗೆ ಹಿಡಿಸಲಿಲ್ಲವೆಂದು ತಿಳಿದು ಇನ್ನೊಂದನ್ನು ತೆಗೆದು ಮತ್ತೆ ಕತ್ತಿ ಎತ್ತಿದ. ಕಡಿಯದೆ, ಕೊರೆಯದೆ, ಕೊಳವೆ ಹಾಕದೆ ಇಡೀ ಕಾಯಿ ಬೇಕೆಂಬ ಮನುಷ್ಯನನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ವಕೀಲಿಯ ಕೊನೆಯ ವಾದವನ್ನು ನಾನು ಭಾಷೆಯೇ ಇಲ್ಲದೆ ಅಲ್ಲಿ ಮಾಡಿದೆ, ಗೆದ್ದೆ.

ಆಕೆ ಮೊಣಕಾಲಿನವರೆಗೆ ನೀರಿಗಿಳಿದಳು. ಬಾಗಿ ಒಂದು ಬೊಗಸೆ ನೀರು ಮುಟ್ಟಿ ಕಣ್ಣಿಗೆ ಹಚ್ಚಿಕೊಂಡು, "ಉಪ್ಪು!" ಅಂದಳು, ಮೋಸ ಹೋದವಳಂತೆ. ಆಮೇಲೆ ಉಡಿಯ ಗಂಟು ಬಿಚ್ಚಿ ಅಕ್ಕಿ, ಅರಿಷಿಣ, ಬಳೆ, ಕಾಯಿ, ಖಣ ಒಂದೊಂದಾಗಿ ತೆರೆಯ ಮೇಲೆ ಇಟ್ಟಳು. ಬಾಯೊಳಗೆ ಏನೋ ಹೇಳಿಕೊಂಡಳು. ಕೈಮುಗಿದಳು.

ಕಾಯಿ ತೇಲಿಕೊಂಡು ಹೋಯಿತು. ಎರಡನೆಯ ತೆರೆ ಖಣವನ್ನು ತಿರುಗಿ ತಂದು ಅವಳ ಕಾಲಿಗೆ ಸುತ್ತಿತು.

ಉಡಿ ತುಂಬಿಸಿಕೊಂಡವಳು ತುಂಬಿದವಳಿಗೆ ಅದರಲ್ಲೇ ತುಸು ತಿರುಗಿ ಕೊಡುವುದು ನಮ್ಮ ಮನೆಗಳ ಪದ್ಧತಿ. ಬರೀ ತೆಗೆದುಕೊಂಡು ಹೋಗುವುದಿಲ್ಲ. ನಾನು ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ತೆರೆಗೂ ಬಟ್ಟೆಗೂ ಗಾಳಿಗೂ ಸಂಬಂಧಿಸಿದ ಒಂದು ವಾದ ಸಿದ್ಧವಿತ್ತು. ಆಕೆ ಖಣ ಎತ್ತಿಕೊಂಡು ನನ್ನ ಕಡೆ ತಿರುಗಿದಳು. ನಾನು ವಾದ ಹಿಂದಕ್ಕೆ ತೆಗೆದುಕೊಂಡೆ.

ದೋಣಿ ಹತ್ತುವ ಕಟ್ಟೆಗೆ ಬಂದಾಗ ಉಳಿದವರು ಆಗ ತಾನೇ ಇಳಿಯುತ್ತಿದ್ದರು. ಮೋಡ ತಲೆಯ ಮೇಲೆ ಬಂದಿತ್ತು. ಇಳಿದವರೆಲ್ಲ ಇದೇ ದೋಣಿಯಲ್ಲಿ ಹಿಂದಿರುಗಬೇಕೆಂದು ಸಿಬ್ಬಂದಿಯವನು ಕೂಗುತ್ತಿದ್ದ. ಷಡ್ಡಕ ಅವನಿಗೆ ಮುತ್ತಿನ ಅಂಗಡಿಯ ಚಿತ್ರ ತೋರಿಸಿ ಕನ್ನಡದಲ್ಲೇ ಜಗಳಾಡುತ್ತಿದ್ದ. ಹಿರೇಕೆರೂರಿನವರು ತಾವು ಮೊದಲೇ ಹೇಳಿದ್ದೆವು ಎನ್ನುತ್ತಿದ್ದರು. ಏನು ಹೇಳಿದ್ದರೋ. ಬೀಗರು ಮಾತ್ರ ಹನಿ ಬೀಳತೊಡಗಿದರೂ ಟೊಪಗಿ ಸರಿಮಾಡಿಕೊಂಡು ನನ್ನ ಹೆಂಡತಿಯ ಮುಂದೆ ನಿಂತರು.

"ನಮ್ಮನ್ನ ಬಿಟ್ಟು ಬಂದ್ರಿ," ಅಂದರು, ನ್ಯಾಯಾಧೀಶರ ದನಿಯಲ್ಲಿ. "ಅಷ್ಟು ಅವಸರ ಮಾಡಿ ಬರಾಕ ನಿಮ್ಮನ್ನ ಯಾರ ಕರದಿದ್ರು?"

ಆಕೆ ಖಣದ ನೀರನ್ನು ಅವರ ಕಾಲ ಬಳಿಯೇ ಹಿಂಡಿದಳು.

"ಆ ಹಿರಿಯಾಕಿನ ಬಂದಿದ್ಳು ಕರ್ಯಾಕ, ಬಾಗಲದ ಮಟಾ," ಅಂದಳು. "ನೀವು ಅನಾನಸ ತಿನ್ನಾಕತ್ತಿದ್ರಿ."