ಮೊದಲ ಪತ್ರಿಕೆ ಇಡಲು ಹೋದ ಭಾನುವಾರ

ಮೈಮೇಲೆ ದೇವರು ಬಂದಿದ್ದು, ಕನಸಿನಲ್ಲಿ ಅಜ್ಜಿ ಬಂದು ಹೇಳಿದ್ದು, ಇಂಥದ್ದನ್ನೆಲ್ಲ ಯಾರಾದರೂ ಶುರು ಮಾಡಿದರೆ ಎದ್ದು ಕಾಫಿ ಮಾಡಲು ಹೋಗುವವಳು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದ್ದೇನೆ. ‘ಆಧಾರ ಎಲ್ಲಿ?’ ಎಂದು ಕೇಳುವುದು ಅಭ್ಯಾಸವಾಗಿಹೋಗಿದೆ. ಹಾಗಾಗಿ ಇದನ್ನು ಓದುತ್ತಾ ನೀವೂ ಎದ್ದು ಹೋದರೆ ನನಗೇನೂ ಬೇಜಾರಿಲ್ಲ.

ನಿವೃತ್ತಿಯಾದ ಮೇಲೆ ನನಗೊಂದು ಚಟ ಹತ್ತಿಕೊಂಡಿತು. ಭಾನುವಾರ ಬೆಳಿಗ್ಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಒಬ್ಬಳೇ ಹೊರಡುವುದು. ಗೈಡೂ ಇಲ್ಲ, ಗುಂಪೂ ಇಲ್ಲ. ಹಳೇ ನಕ್ಷೆಯ ಜೆರಾಕ್ಸ್ ಮೇಲೆ ಪೆನ್ಸಿಲ್ಲಿನಲ್ಲಿ ನಾನೇ ದಾರಿ ಗುರುತು ಮಾಡಿಕೊಂಡು ಜಯನಗರ, ಯಡಿಯೂರು, ಸಾರಕ್ಕಿ ಎಂದು ಬಡಾವಣೆಗಳ ನಡುವೆ ಅಡಗಿ ಕೂತಿರುವ ಹಳ್ಳಿಗಳನ್ನು ಹುಡುಕುವುದು. ಒಂದು ಅಶ್ವತ್ಥಕಟ್ಟೆಯೋ ನಾಗರಕಲ್ಲೋ ಸಿಕ್ಕಿದ ದಿನ ನನಗೆ ಹಬ್ಬ. ಮೂಲೆಯ ದರ್ಶಿನಿಯಲ್ಲಿ ಖಾಲಿ ದೋಸೆ ತಿಂದು ಮನೆಗೆ ಬರುತ್ತಿದ್ದೆ.

ನಮ್ಮತ್ತೆಗೆ ಇದೆಲ್ಲ ತಮಾಷೆ. ಎಂಬತ್ತು ದಾಟಿದವರು. ಮಂಡಿ ನೋವಿನಿಂದ ಶ್ರೀನಗರದ ಮನೆಯ ಹೊಸಿಲು ದಾಟುವುದಿಲ್ಲ, ನಾಲಿಗೆ ಮಾತ್ರ ಊರೆಲ್ಲ ಸುತ್ತುತ್ತದೆ. “ಮನೆಗೆ ಮಾರಿ, ಊರಿಗೆ ಉಪಕಾರಿ. ಊರ್ ಕಲ್ಲೆಲ್ಲ ಇವಳಿಗೆ ನೆಂಟ್ರು. ನಮ್ಮನೆ ಕಲ್ಲು ಎಲ್ಲಿದೆ ಕೇಳಿ, ಗೊತ್ತಿಲ್ಲ” ಎನ್ನುತ್ತಿದ್ದರು.

ನಮ್ಮನೆ ಕಲ್ಲೆಂದರೆ ಮನೆದೇವರು ಮುನೇಶ್ವರ. ಈಗಿನ ಬಿಟಿಎಂ ಲೇಔಟ್ ಕಡೆ ನಮ್ಮ ಮಾವನವರ ಹಳ್ಳಿಯಿತ್ತು. ಹೊಲಗದ್ದೆಯೆಲ್ಲ ಬಡಾವಣೆಗೆ ಹೋದ ಮೇಲೆ ಮನೆಯವರು ಶ್ರೀನಗರಕ್ಕೆ ಬಂದರು, ಕಲ್ಲು ಅಲ್ಲೇ ಉಳಿಯಿತು. ಮನೆಯಲ್ಲಿ ಯಾರ ಮದುವೆಯೇ ಆಗಲಿ, ಮೂಲೆಗಳಿಗೆ ಅರಿಶಿನ ಹಚ್ಚಿದ ಮೊದಲ ಪತ್ರಿಕೆಯನ್ನು ಆ ಕಲ್ಲಿನ ಮುಂದೆ ಇಡಬೇಕು, ಆಮೇಲೆಯೇ ನೆಂಟರಿಷ್ಟರಿಗೆ. ನನ್ನ ಮದುವೆಯಲ್ಲಿ ಮಾವ ಒಬ್ಬರೇ ಹೋಗಿ ಇಟ್ಟು ಬಂದಿದ್ದರು. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಚರಿತ್ರೆ ಟೀಚರ್ ನಾನೂ ಕೇಳಲಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಐದಾರು ವರ್ಷದ ಹಿಂದೆ ನನ್ನ ಮಗಳ ಮದುವೆ ಗೊತ್ತಾಯಿತು. ಪತ್ರಿಕೆ ಅಚ್ಚಾಗಿ ಬಂದಿದ್ದೇ ತಡ, ಅತ್ತೆ ಇಡೀ ಕಟ್ಟನ್ನು ದೇವರ ಮನೆಯಲ್ಲಿ ಇಡಿಸಿ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. ಮದುವೆಗೆ ತಿಂಗಳೂ ಉಳಿದಿರಲಿಲ್ಲ. ನನ್ನ ಗಂಡ, “ಅಮ್ಮ, ಆ ಕಲ್ಲು ಯಾವ್ ಬಿಲ್ಡಿಂಗ್ ಪಾಯಕ್ಕೆ ಹೋಯ್ತೋ ಏನೋ. ಇಲ್ಲೇ ದೇವಸ್ಥಾನದಲ್ಲಿ ಇಟ್ಟು ಕೈಮುಗಿದ್ರೆ ಆಗಲ್ವಾ?” ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. “ನಾಳೆ ನಾನು ಹುಡುಕ್ಕೊಂಡ್ ಬರ್ತೀನಿ ಅತ್ತೆ” ಎಂದುಬಿಟ್ಟೆ.

ಅವರು ಕೊಟ್ಟ ಗುರುತು ಇಷ್ಟು: ಕೆರೆ ಏರಿ ಇಳಿದು, ಎರಡು ಹುಣಸೆಮರ ದಾಟಿ, ಬಾವಿಯ ಎಡಕ್ಕೆ. ಕಲ್ಲಿನಲ್ಲಿ ಕತ್ತಿ ಹಿಡಿದವನಿದ್ದಾನೆ, ಆದರೆ ಎಡಗೈ ಮೊಣಕೈಯಿಂದ ಮುರಿದಿದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮಡಿವಾಳ ಕೆರೆಯ ಹತ್ತಿರ ಆಟೋ ಇಳಿದೆ. ಚೀಲದಲ್ಲಿ ಎರಡು ಪತ್ರಿಕೆ, ಅರಿಶಿನ ಕುಂಕುಮ, ತೆಂಗಿನಕಾಯಿ. ಹುಣಸೆಮರ ಎಲ್ಲಿ ಬಂತು? ಎಲ್ಲಿ ನೋಡಿದರೂ ಪಿಜಿಗಳು, ಬೈಕುಗಳ ಸಾಲು, ಬಾಲ್ಕನಿಯಲ್ಲಿ ಒಣಗುವ ಟವೆಲ್ಲು. ಮನೆ ಮುಂದೆ ರಂಗೋಲಿ ಹಾಕುತ್ತಿದ್ದ ಹಳಬರನ್ನೆಲ್ಲ ಕೇಳಿದೆ. ಒಬ್ಬರು ಈ ಕಡೆ ಎಂದರೆ ಇನ್ನೊಬ್ಬರು ಆ ಕಡೆ. ಎರಡು ಗಂಟೆ ಸುತ್ತಿ, ಅತ್ತೆಗೆ ಯಾವ ಮುಖ ತೋರಿಸಲಿ ಎಂದು ಒಂದು ತಿರುವಿನಲ್ಲಿ ಸುಮ್ಮನೆ ನಿಂತೆ.

ಆಗ ಬೆಲ್ಲದ ವಾಸನೆ ಬಂತು. ಅಂಗಡಿ ಬೆಲ್ಲದ್ದಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಪಾಕಕ್ಕೆ ಬರುವಾಗ ಏಳುವ, ಹೊಗೆ ಬೆರೆತ ವಾಸನೆ. ನಾನು ಮಂಡ್ಯದ ಕಡೆಯವಳು, ಸೋದರಮಾವನ ಆಲೆಮನೆಯಲ್ಲಿ ಬಿಸಿ ಬೆಲ್ಲ ನೆಕ್ಕಿ ಬೆಳೆದವಳು. ಈ ಒಂದು ವಿಷಯದಲ್ಲಿ ನನ್ನ ಮೂಗು ತಪ್ಪುವುದಿಲ್ಲ. ಯಾರೋ ಹೋಳಿಗೆ ಮಾಡುತ್ತಿರಬೇಕೆಂದು ನೇರ ನಡೆದೆ, ವಾಸನೆ ನಿಂತಿತು. ಹಿಂದೆ ಬಂದು ಎಡಕ್ಕೆ ತಿರುಗಿದೆ, ಮತ್ತೆ ಬಂತು. ನಗಬೇಡಿ, ಹೀಗೆ ಮೂಗು ತೋರಿಸಿದ ದಾರಿ ಹಿಡಿದೇ ಮೂರು ರಸ್ತೆ ದಾಟಿದೆ.

ಕೊನೆಗೆ ಎರಡು ಪಿಜಿಗಳ ಸಂದಿ. ಮುಂದೆ ಒಂದು ಸಣ್ಣ ಖಾನಾವಳಿ; ಒಬ್ಬ ಹೆಂಗಸು ರೊಟ್ಟಿ ತಟ್ಟುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವಳು, “ಚೀಲದಾಗ ಬೆಲ್ಲ ತಂದೀರೇನ್ರಿ ಅಕ್ಕಾರ? ಮುಂಜಾನಿಂದ ವಾಸನಿ ಬರಾಕತ್ತೈತಿ. ನಮ್ಮೂರಾಗ ಗಾಣ ಹೂಡಿದಾಗ ಹಿಂಗ ಬರ್ತಿತ್ತು” ಎಂದಳು. ಹೆಸರು ಶಾಂತವ್ವ, ಮುಧೋಳದ ಕಡೆಯವಳು. ನಾನು ಚೀಲ ಬಿಚ್ಚಿ ಬೆಲ್ಲವಿಲ್ಲವೆಂದು ತೋರಿಸಿದೆ. ಇಬ್ಬರೂ ವಾಸನೆ ಬರುತ್ತಿದ್ದ ಸಂದಿಯ ಕಡೆ ತಿರುಗಿದೆವು. ನೀರಿನ ಕ್ಯಾನುಗಳ ಹಿಂದೆ ಒಂದು ಕಲ್ಲು, ಮೇಲೊಂದು ದಾಸವಾಳ.

“ಯಾರ ದೇವ್ರೋ ಗೊತ್ತಿಲ್ರಿ. ಪಾಪ, ಒಬ್ಬಾವನ ಅದಾನ ಅಂತ ದಿನಾ ಒಂದ್ ಹೂವ ಇಡ್ತೀನಿ.”

ಕ್ಯಾನು ಸರಿಸಿ ನೋಡಿದೆ. ನನ್ನ ಲೆಕ್ಕದಲ್ಲಿ ಅದೊಂದು ವೀರಗಲ್ಲು. ಕತ್ತಿ ಹಿಡಿದ ವೀರ, ಎಡಗೈ ಮೊಣಕೈಯಿಂದ ಮುರಿದಿದೆ. ಅಲ್ಲೇ ನೆಲದ ಮೇಲೆ ಕೂತೆ. ಖುಷಿಗೆ ನಗು ಬಂತು, ಅಳುವೂ ಬಂತು. ಪತ್ರಿಕೆ ಇಟ್ಟು, ಕಾಯಿ ಒಡೆದು, ಅತ್ತೆಗೆ ಫೋನ್ ಮಾಡಿದೆ.

“ಸಿಕ್ತು ಅತ್ತೆ. ಕೈ ಮುರಿದೋನೇ.”

ಆ ಕಡೆಯಿಂದ ಅತ್ತೆ ಮೆಲ್ಲಗೆ ಕೇಳಿದರು: “ಬೆಲ್ಲದ ವಾಸ್ನೆ ಬರ್ತಿದ್ಯೇನೇ?”

ವಾಸನೆಯ ವಿಷಯ ನಾನು ಹೇಳಿರಲಿಲ್ಲ, ಅವರೂ ಅದುವರೆಗೆ ಹೇಳಿರಲಿಲ್ಲ.

ಮನೆಗೆ ಹೋದ ಮೇಲೆ ಬಿಡಿಸಿ ಹೇಳಿದರು. ಕಲ್ಲಿನ ಪಕ್ಕದಲ್ಲೇ ನಮ್ಮ ಆಲೆಮನೆಯಿತ್ತಂತೆ. ಪ್ರತಿ ಸಲ ಇಳಿಸಿದ ಮೊದಲ ಬೆಲ್ಲ ಮುನೇಶ್ವರನಿಗೆ. “ನಾನು ಮದುವೆಯಾಗಿ ಬರೋ ಹೊತ್ತಿಗೆ ಆಲೆ ನಿಂತು ಎರಡು ವರ್ಷ ಆಗಿತ್ತು. ಆದ್ರೂ ಕೈಮುಗಿಯೋಕೆ ಕರ್ಕೊಂಡ್ ಹೋದಾಗ ನಂಗೆ ಘಮ್ ಅಂತ ಬಂತು. ನಗ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಬಂದ ಸೊಸೆಗೆ ಬರತ್ತೇನೋ ಅಂದ್ಕೊಂಡೆ.”

“ಹಾಗಾದ್ರೆ ಶಾಂತವ್ವ ಯಾವ ಮನೆ ಸೊಸೆ?” ಎಂದು ನಾನು ಬಿಡದೆ ಕೆಣಕಿದೆ.

“ಅವಳೂ ಎಲ್ಲಿಂದ್ಲೋ ಬಂದೋಳೇ ಅಲ್ವೇನೇ” ಎಂದವರೇ ಅತ್ತೆ ಕುರ್ಚಿ ಸರಿಸಿ ದೇವರ ಮನೆಯ ಬಾಗಿಲು ಬಿಟ್ಟರು.

ಎರಡನೇ ಪತ್ರಿಕೆಯನ್ನು ನಾನು ಅಲ್ಲೇ ಶಾಂತವ್ವನಿಗೆ ಕೊಟ್ಟು ಬಂದಿದ್ದೆ. ಮದುವೆಗೆ ಇಳಕಲ್ ಸೀರೆ ಉಟ್ಟು, ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದು ಬಂದಳು. ಅತ್ತೆ ಅವಳ ಕೈ ಹಿಡಿದು ಊಟ ಮುಗಿಯುವವರೆಗೂ ಬಿಡಲಿಲ್ಲ.

ಆಮೇಲೆ ಎಷ್ಟೋ ಭಾನುವಾರ ಅಲ್ಲಿಗೆ ಹೋಗಿದ್ದೇನೆ. ರೊಟ್ಟಿಯ ವಾಸನೆ ಬರುತ್ತದೆ, ಪೆಟ್ರೋಲಿನದು ಬರುತ್ತದೆ. ಬೆಲ್ಲದ್ದು ಬರಲಿಲ್ಲ. ಸುತ್ತ ಎಲ್ಲೂ ಬೆಲ್ಲ ಕಾಯಿಸುವವರಿಲ್ಲ, ಅದನ್ನೂ ವಿಚಾರಿಸಿದ್ದೇನೆ. ಆಧಾರ ಕೇಳಿದರೆ ನನ್ನಲ್ಲಿರುವುದು ನೋಟ್‌ಬುಕ್ಕಿನ ಒಂದು ಸಾಲು ಮಾತ್ರ. ಆ ದಿನ ಕಲ್ಲಿನ ಮುಂದೆ ಕೂತೇ ಬರೆದದ್ದು: ‘ಬೆಲ್ಲದ ವಾಸನೆ. ಇಬ್ಬರಿಗೆ.’ ರಾತ್ರಿ ಮನೆಯಲ್ಲಿ ‘ಇಬ್ಬರಿಗೆ’ ಎಂಬುದನ್ನು ಹೊಡೆದು ‘ಮೂವರಿಗೆ’ ಎಂದು ತಿದ್ದಿದೆ.